ಸ್ಲೈಡ್ ಸರಿಸಿದ ಮೇಲೆ ಬಟನ್ ಎಲ್ಲೆಲ್ಲಿಗೋ ಹೋಗುತ್ತಿದೆಯಾ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಹೈಸ್ಕೂಲ್ ಶಿಕ್ಷಕಿ. ಮಕ್ಕಳನ್ನು ಕೋಟೆಗೆ ಕರೆದುಕೊಂಡು ಹೋಗುವ ಮುಂಚೆ ತೋರಿಸಲು ಪವರ್‌ಪಾಯಿಂಟ್‌ನಲ್ಲಿ 24 ಸ್ಲೈಡ್ ಮಾಡಿದ್ದೇನೆ. ಮೊದಲ ಸ್ಲೈಡ್ ಕೋಟೆಯ ನಕ್ಷೆ. ಅದರಲ್ಲಿ ಓಬವ್ವನ ಕಿಂಡಿ, ಹಿಡಿಂಬೇಶ್ವರ ಗುಡಿ, ಹೊಂಡಗಳು ಎಂದು ಬಟನ್ ಇಟ್ಟಿದ್ದೇನೆ. ನೀರು ಹರಿಯುವ ಕ್ರಮ ಮಕ್ಕಳಿಗೆ ತಿಳಿಯಲಿ ಅಂತ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಂತೆ ಹೊಂಡದ ಸ್ಲೈಡ್‌ಗಳನ್ನು ಒಟ್ಟಿಗೆ ತಂದೆ. ಈಗ ಕೆಲವು ಬಟನ್ ಸರಿ ಇವೆ, ಕೆಲವು ಬೇರೆ ಕಡೆ ಹೋಗುತ್ತವೆ, ಒಂದು ಎಲ್ಲಿಗೂ ಹೋಗುವುದಿಲ್ಲ. ಎಲ್ಲ ಲಿಂಕ್ ಮತ್ತೆ ಹಾಕಬೇಕಾ?

ಉತ್ತರ: ಎಲ್ಲವೂ ಬೇಡ ಮೇಡಂ. ಕೆಲವು ಸರಿ ಇವೆ ಅಂದಿರಲ್ಲ, ಸುಳಿವು ಅಲ್ಲೇ ಇದೆ.

ಮನೆ ಗುರುತು ಹೇಳುವಾಗ ‘ನಮ್ಮ ಪಕ್ಕದ ಮನೆ’ ಅನ್ನಬಹುದು, ಇಲ್ಲವೇ ಮನೆಯವರ ಹೆಸರು ಹೇಳಬಹುದು. ನಾವೇ ಬೇರೆ ಬೀದಿಗೆ ಹೋದರೆ ಪಕ್ಕದ ಮನೆಯೂ ಬೇರೆಯಾಗುತ್ತದೆ, ಅಲ್ವಾ? ಲಿಂಕ್ ಕೂಡ ಹಾಗೇ. ಲಿಂಕ್ ಹಾಕುವ ಕಿಟಕಿಯಲ್ಲಿ ‘ಪ್ಲೇಸ್ ಇನ್ ದಿಸ್ ಡಾಕ್ಯುಮೆಂಟ್’ ತೆರೆದರೆ ಮೇಲೆ ಫಸ್ಟ್, ಲಾಸ್ಟ್, ನೆಕ್ಸ್ಟ್, ಪ್ರೀವಿಯಸ್ ಸ್ಲೈಡ್ ಎಂದು ನಾಲ್ಕು ಇರುತ್ತವೆ. ಇವು ಜಾಗ ನೋಡಿ ಹೋಗುತ್ತವೆ. ಸ್ಲೈಡ್ ಸರಿಸಿದರೆ ದಾರಿ ತಪ್ಪುವುದು ಇವೇ. ಕೆಳಗೆ ‘ಸ್ಲೈಡ್ ಟೈಟಲ್ಸ್’ ಅಡಿಯಲ್ಲಿ ಒಂದೊಂದು ಸ್ಲೈಡಿನ ಹೆಸರಿರುತ್ತದೆ. ಅಲ್ಲಿಂದ ಆರಿಸಿದ ಲಿಂಕ್ ಆ ಸ್ಲೈಡನ್ನೇ ಹಿಡಿದಿರುತ್ತದೆ. ನೀವು 5ನೇದನ್ನು 19ಕ್ಕೆ ಎಳೆದು ಬಿಟ್ಟರೂ ಲಿಂಕ್ ಅದರ ಹಿಂದೆಯೇ ಹೋಗುತ್ತದೆ.

ಆದ್ದರಿಂದ ತಪ್ಪುವ ಬಟನ್‌ಗಳನ್ನು ಮಾತ್ರ ಆರಿಸಿ, ಕಂಟ್ರೋಲ್ ಮತ್ತು ಕೆ ಒತ್ತಿ, ಹೆಸರಿನ ಪಟ್ಟಿಯಿಂದ ಮತ್ತೆ ಲಿಂಕ್ ಕೊಡಿ. ಅದಕ್ಕೂ ಮುಂಚೆ ಪ್ರತಿ ಸ್ಲೈಡಿಗೂ ಶೀರ್ಷಿಕೆಯ ಜಾಗದಲ್ಲೇ ಹೆಸರು ಬರೆಯಿರಿ. ಇಲ್ಲದಿದ್ದರೆ ಪಟ್ಟಿಯಲ್ಲಿ ಬರೀ ‘ಸ್ಲೈಡ್ 7’, ‘ಸ್ಲೈಡ್ 8’ ಎಂದು ಕಾಣುತ್ತದೆ. ಯಾವ ಹೊಂಡ ಯಾವುದು ಅಂತ ನಿಮಗೇ ಗೊತ್ತಾಗುವುದಿಲ್ಲ.

ಎಲ್ಲಿಗೂ ಹೋಗದ ಬಟನ್ ಇದೆಯಲ್ಲ, ಅದರ ಸ್ಲೈಡನ್ನು ನೀವು ಅಳಿಸಿ ಹೊಸದು ಮಾಡಿರಬೇಕು. ಹೆಸರು, ಚಿತ್ರ ಎಲ್ಲ ಅದೇ ಇದ್ದರೂ ಪವರ್‌ಪಾಯಿಂಟ್‌ಗೆ ಅದು ಬೇರೆ ಸ್ಲೈಡ್. ನಕಲು ಮಾಡಿ ಮೂಲವನ್ನು ಅಳಿಸಿದರೂ ಇದೇ ಗತಿ. ಬದಲಾವಣೆ ಬೇಕಿದ್ದರೆ ಹಳೇ ಸ್ಲೈಡಿನ ಒಳಗೇ ಮಾಡಿ. ಜಾಗ ಬದಲಿಸಲು ಕಟ್ ಮಾಡಿ ಪೇಸ್ಟ್ ಮಾಡಬೇಡಿ, ಎಲ್ಲ ಸ್ಲೈಡ್ ಚಿಕ್ಕದಾಗಿ ಒಟ್ಟಿಗೆ ಕಾಣುವ ‘ಸ್ಲೈಡ್ ಸಾರ್ಟರ್’ನಲ್ಲಿ ಮೌಸಿನಿಂದ ಎಳೆಯಿರಿ.

‘ನಕ್ಷೆಗೆ ವಾಪಸ್’ ಬಟನ್ ಇದೆಯಾ? ಅದಕ್ಕೆ ‘ಫಸ್ಟ್ ಸ್ಲೈಡ್’ ಕೊಡಬೇಡಿ. ಮುಂದೆ ಯಾರೋ ಒಂದು ಸ್ವಾಗತದ ಸ್ಲೈಡ್ ಸೇರಿಸಿದರೆ ಮಕ್ಕಳು ನಕ್ಷೆಯ ಬದಲು ಸ್ವಾಗತಕ್ಕೆ ಹೋಗಿ ನಿಲ್ಲುತ್ತಾರೆ. ನಕ್ಷೆಯ ಸ್ಲೈಡನ್ನೇ ಆರಿಸಿ. ಆ ಬಟನ್ನನ್ನು ಎಲ್ಲ ಸ್ಲೈಡಿಗೂ ಅಚ್ಚಿನಂತಿರುವ ‘ಸ್ಲೈಡ್ ಮಾಸ್ಟರ್’ನಲ್ಲಿ ಒಂದೇ ಸಲ ಇಟ್ಟರೆ ಒಂದೊಂದು ಸ್ಲೈಡಿನಲ್ಲೂ ಹಾಕುವ ಕೆಲಸ ತಪ್ಪುತ್ತದೆ.

ಇನ್ನೊಂದು ಮಾತು. ‘12ನೇ ಸ್ಲೈಡ್ ನೋಡಿ’ ಎಂದು ಎಲ್ಲಾದರೂ ಟೈಪ್ ಮಾಡಿದ್ದರೆ ತೆಗೆದುಬಿಡಿ. ಆ ಸಂಖ್ಯೆ ತಾನಾಗಿ ಬದಲಾಗುವುದಿಲ್ಲ. ‘ಅಕ್ಕ-ತಂಗಿ ಹೊಂಡ ನೋಡಿ’ ಅಂತಲೇ ಬರೆಯಿರಿ.

ಶಾಲೆಯ ಕಂಪ್ಯೂಟರಿನಲ್ಲಿ ಪವರ್‌ಪಾಯಿಂಟ್ ಬದಲು ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಇದ್ದರೆ ಸ್ವಲ್ಪ ಜಾಸ್ತಿ ಎಚ್ಚರ ಬೇಕು. ಅಲ್ಲಿ ಲಿಂಕ್ ಸ್ಲೈಡಿನ ಹೆಸರು ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಮೊದಲು ಸ್ಲೈಡ್‌ಗಳಿಗೆ ಹೆಸರಿಡಿ, ಆಮೇಲೆ ಲಿಂಕ್ ಕೊಡಿ. ಕೊನೆಗೆ ಎಫ್5 ಒತ್ತಿ ಸ್ಲೈಡ್ ಶೋ ಶುರು ಮಾಡಿ, ತರಗತಿಯಲ್ಲಿ ಬಳಸುವ ಆ ಕಂಪ್ಯೂಟರಿನಲ್ಲೇ ಪ್ರತಿ ಬಟನ್ ಒತ್ತಿ ನೋಡಿ.