ಫೋರ್ ವೀಲ್ ಹಾಕಿದರೂ ಜೀಪು ಏರು ಹತ್ತುತ್ತಿಲ್ಲ, ಹಬ್ ನಾವೇ ಬದಲಿಸಬಹುದಾ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಹಳೇ ಎಂಎಂ 540 ಜೀಪು ಇದೆ. ಈ ಮಳೆಗಾಲದಲ್ಲಿ ಫೋರ್ ವೀಲ್ ಲಿವರ್ ಹಾಕಿದರೂ ಮುಂದಿನ ಚಕ್ರ ಎಳೆಯುತ್ತಿಲ್ಲ. ಎಡಗಡೆ ಲಾಕಿಂಗ್ ಹಬ್‌ನ ಡಯಲ್ ‘ಫ್ರೀ’ನಲ್ಲೇ ಹಿಡಿದುಕೊಂಡಿದೆ. ಬಲಗಡೆಯದು ಚೆನ್ನಾಗಿದೆ. ಒಂದು ಕಡೆ ಸರಿ ಇದ್ದರೂ ಯಾಕೆ ಎಳೆಯುತ್ತಿಲ್ಲ? ಹಬ್ ಮನೆಯಲ್ಲೇ ಬದಲಿಸಬಹುದಾ?

ಉತ್ತರ: ಖಂಡಿತ ಬದಲಿಸಬಹುದು. ಒಂದು ಬೆಳಗ್ಗೆ ಸಾಕು. ಮೊದಲು ನಿಮ್ಮ ‘ಯಾಕೆ’ಗೆ ಉತ್ತರ ಹೇಳುತ್ತೇನೆ, ಅದು ಗೊತ್ತಾದರೆ ಕೆಲಸ ಸುಲಭ.

ಮುಂದಿನ ಡಿಫರೆನ್ಷಿಯಲ್‌ಗೆ ಬಂದ ಬಲ ಎರಡೂ ಕಡೆಯ ಶಾಫ್ಟ್‌ಗೆ ಹಂಚಿಹೋಗುತ್ತದೆ. ಆ ಶಾಫ್ಟನ್ನು ಚಕ್ರಕ್ಕೆ ಸೇರಿಸುವುದೇ ಹಬ್. ಎಡಗಡೆ ಹಬ್ ಫ್ರೀಯಾಗಿದ್ದರೆ ಆ ಶಾಫ್ಟಿಗೆ ತಡೆಯೇ ಇರುವುದಿಲ್ಲ. ಅದು ಒಳಗೇ ಸುಮ್ನೆ ಗಿರಗಿರ ತಿರುಗುತ್ತದೆ, ಬಲಗಡೆ ಚಕ್ರಕ್ಕೆ ಬಲ ಹೋಗುವುದೇ ಇಲ್ಲ. ಹಾಗಾಗಿ ಒಂದು ಹಬ್ ಕೆಟ್ಟರೆ ಎರಡೂ ಕೆಟ್ಟ ಹಾಗೇ ಲೆಕ್ಕ.

ಹೊಸದು ತರುವ ಮೊದಲು ಹಳೆಯದನ್ನು ಒಮ್ಮೆ ಬಿಚ್ಚಿ ನೋಡಿ. ನಮ್ಮ ಮಲೆನಾಡಿನಲ್ಲಿ ಹಬ್ ಮುರಿಯುವುದಕ್ಕಿಂತ ಕಚ್ಚಿಕೊಳ್ಳುವುದೇ ಜಾಸ್ತಿ. ಹೋದ ಮಳೆಗಾಲ ಆಲ್ದೂರು ಕಡೆಯಿಂದ ಒಂದು ಜೀಪು ನನ್ನ ಹತ್ತಿರ ಬಂದಿತ್ತು. ಮುಚ್ಚಳ ತೆಗೆದರೆ ಒಳಗೆ ಗ್ರೀಸೇ ಇರಲಿಲ್ಲ, ಮಜ್ಜಿಗೆ ಬಣ್ಣದ ಲೋಳೆ ಇತ್ತು. ಬೆರಳಲ್ಲಿ ತೆಗೆದರೆ ಅದರೊಳಗೆ ಕೆಂಪು ಮಣ್ಣು ಕರಕರ ಅನ್ನುತ್ತಿತ್ತು. ಡಯಲ್‌ನ ಓ-ರಿಂಗ್, ಅಂದರೆ ನೀರು ತಡೆಯುವ ರಬ್ಬರ್ ಬಳೆ, ಸವೆದು ಹಳ್ಳ ದಾಟುವಾಗ ನೀರು ಒಳಗೆ ಹೋಗಿದೆ. ಡೀಸೆಲ್‌ನಲ್ಲಿ ತೊಳೆದು ಓ-ರಿಂಗ್ ಬದಲಿಸಿದ್ದಷ್ಟೇ, ಹಬ್ ಮತ್ತೆ ಕೆಲಸ ಮಾಡಿತು. ನಿಮ್ಮದರಲ್ಲೂ ಹಲ್ಲುಗಳು ಚೂಪಾಗಿ ಉಳಿದಿದ್ದರೆ ಅಷ್ಟೇ ಸಾಕಾಗಬಹುದು. ಹಲ್ಲು ಗುಂಡಗಾಗಿದ್ದರೆ, ಸ್ಪ್ರಿಂಗ್ ತುಂಡಾಗಿದ್ದರೆ ಮಾತ್ರ ಹೊಸದು ತನ್ನಿ. ತಂದರೆ ಜೋಡಿಯನ್ನೇ ತನ್ನಿ. ಅಂಗಡಿಗೆ ಹಳೇ ಹಬ್ಬನ್ನೂ ತೆಗೆದುಕೊಂಡು ಹೋಗಿ, ಒಳಗಿನ ಹಲ್ಲುಗಳನ್ನು ಎಣಿಸಿ ತಾಳೆ ನೋಡಿ. ಹೊರಗಿಂದ ಎಲ್ಲಾ ಹಬ್ಬೂ ಒಂದೇ ಥರ ಕಾಣುತ್ತವೆ.

ಬಿಚ್ಚುವುದು ಹೀಗೆ. ಕಾಫಿ ಕಣದಂಥ ಸಮತಟ್ಟು ಜಾಗದಲ್ಲಿ ಜೀಪು ನಿಲ್ಲಿಸಿ, ಗೇರಿಗೆ ಹಾಕಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಫೋರ್ ವೀಲ್ ಲಿವರ್ ಟೂ ವೀಲ್‌ಗೆ ಹಾಕಿರಬೇಕು. ಮುಂದಿನ ಚಕ್ರ ಜಾಕ್ ಕೊಟ್ಟು ಎತ್ತಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಬೇಡಿ. ಚಕ್ರ ಬಿಚ್ಚಬೇಕಿಲ್ಲ, ಬ್ರೇಕ್ ಮುಟ್ಟಬೇಕಿಲ್ಲ. ಡಯಲ್ ಇರುವ ಮುಚ್ಚಳದ ಬೋಲ್ಟ್ ತೆಗೆದರೆ ಶಾಫ್ಟ್ ತುದಿಯಲ್ಲಿ ಸರ್ಕ್ಲಿಪ್, ಅಂದರೆ ಬಾಯಿ ತೆರೆದ ಸ್ಪ್ರಿಂಗ್ ಬಳೆ, ಕಾಣುತ್ತದೆ. ಅದನ್ನು ಸರ್ಕ್ಲಿಪ್ ಪ್ಲೈಯರ್‌ನಲ್ಲೇ ತೆಗೆಯಿರಿ, ಸ್ಕ್ರೂ ಡ್ರೈವರ್‌ನಲ್ಲಿ ಮೀಟಿದರೆ ಕಣ್ಣಿಗೆ ಹಾರುತ್ತದೆ. ಆಮೇಲೆ ಹಬ್‌ನ ದೊಡ್ಡ ಬೋಲ್ಟ್‌ಗಳು. ಹಬ್ ಬರದಿದ್ದರೆ ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿ. ಬಿಚ್ಚಿದ ಒಂದೊಂದೂ ಸಾಮಾನನ್ನು ಬಿಚ್ಚಿದ ಕ್ರಮದಲ್ಲೇ ಹಳೇ ಪೇಪರ್ ಮೇಲೆ ಜೋಡಿಸಿಡಿ.

ಒಳಗೆ ಬೇರಿಂಗ್ ಹಿಡಿದಿರುವ ದೊಡ್ಡ ನಟ್ ಕಾಣುತ್ತದೆ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ, ಅಂದರೆ ಸಡಿಲ, ಇಲ್ಲದಿದ್ದರೆ ಆ ನಟ್ ಮುಟ್ಟಬೇಡಿ. ಆಟ ಇದ್ದರೆ ಮೆಕ್ಯಾನಿಕ್‌ಗೆ ತೋರಿಸಿ, ಅದು ಅಂದಾಜಿನಲ್ಲಿ ಬಿಗಿಯುವ ನಟ್ ಅಲ್ಲ.

ಕೂರಿಸುವಾಗ ಹೆಚ್ಚಿನವರು ತಪ್ಪುವುದು ಗ್ರೀಸ್‌ನಲ್ಲಿ. ಬೇರಿಂಗಿಗೆ ತುಂಬಿದ ಹಾಗೆ ಹಬ್‌ಗೂ ತುಂಬುತ್ತಾರೆ. ಚಳಿಗೆ ಗ್ರೀಸ್ ಗಟ್ಟಿಯಾದರೆ ಹಬ್‌ನೊಳಗೆ ಜಾರಿ ಶಾಫ್ಟನ್ನು ಚಕ್ರಕ್ಕೆ ಸೇರಿಸುವ ರಿಂಗ್ ಅರ್ಧಕ್ಕೇ ನಿಲ್ಲುತ್ತದೆ, ಏರಿನಲ್ಲಿ ಹಲ್ಲು ತುದಿಯಲ್ಲಷ್ಟೇ ಕಚ್ಚಿ ಮುರಿಯುತ್ತದೆ. ದೋಸೆ ಕಾವಲಿಗೆ ಎಣ್ಣೆ ಸವರಿದಷ್ಟು ತೆಳ್ಳಗೆ ಸಾಕು. ಗ್ಯಾಸ್ಕೆಟ್, ಅಂದರೆ ಸೋರದಂತೆ ನಡುವೆ ಇಡುವ ತೆಳು ಹಾಳೆ, ಹೊಸದೇ ಇರಲಿ. ಸರ್ಕ್ಲಿಪ್ ಶಾಫ್ಟ್ ತುದಿಯ ತೋಡಿನೊಳಗೆ ಪೂರ್ತಿ ಕೂತಿದೆಯಾ ಅಂತ ಸುತ್ತಲೂ ನೋಡಿ. ಬೋಲ್ಟ್‌ಗಳನ್ನು ಎದುರುಬದುರಾಗಿ ಬಿಗಿಯಿರಿ, ಎಷ್ಟು ಬಿಗಿ ಅನ್ನುವುದು ಹಬ್ ಜೊತೆ ಬರುವ ಚೀಟಿಯಲ್ಲಿರುತ್ತದೆ.

ಚಕ್ರ ಇಳಿಸುವ ಮೊದಲು ಪರೀಕ್ಷೆ ಮಾಡಿ. ‘ಫ್ರೀ’ನಲ್ಲಿ ಚಕ್ರ ಹಗುರವಾಗಿ, ಸದ್ದಿಲ್ಲದೆ ತಿರುಗಬೇಕು. ‘ಲಾಕ್’ಗೆ ಹಾಕಿ ತಿರುಗಿಸಿದರೆ ಕೈಗೆ ಭಾರ ಗೊತ್ತಾಗಬೇಕು, ಒಳಗೆ ಶಾಫ್ಟ್ ತಿರುಗುವ ಸದ್ದು ಕೇಳಬೇಕು. ಎರಡೂ ಕಡೆ ನೋಡಿ.

ನಿಮ್ಮ ಜೀಪು ತೋಟ ಬಿಟ್ಟು ಹೊರಗೆ ಹೋಗುವುದೇ ಕಡಿಮೆ ಅಂತಾದರೆ, ಹಬ್ ಬದಲು ಡ್ರೈವ್ ಫ್ಲಾಂಜ್ ಹಾಕಿಸುವುದನ್ನೂ ಯೋಚಿಸಿ. ತಿರುಗಿಸುವ ಡಯಲ್ ಇಲ್ಲ, ಶಾಫ್ಟ್ ಸದಾ ಚಕ್ರಕ್ಕೆ ಸೇರಿರುತ್ತದೆ. ಆದರೆ ಚಿಕ್ಕಮಗಳೂರು, ಹಾಸನ ಅಂತ ಟಾರು ರಸ್ತೆಯಲ್ಲಿ ಓಡಾಟ ಜಾಸ್ತಿ ಇದ್ದರೆ ಹಬ್ಬೇ ಇರಲಿ, ಮುಂದಿನ ಶಾಫ್ಟ್ ಸುಮ್ನೆ ತಿರುಗಿ ಸವೆಯುವುದು ತಪ್ಪುತ್ತದೆ.

ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಎರಡೂ ಹಬ್ ಲಾಕ್ ಮಾಡಿ, ಫೋರ್ ವೀಲ್ ಲಿವರ್ ಹಾಕದೆ ಕೆಲವು ಕಿಲೋಮೀಟರ್ ಓಡಿಸಿ. ಒಳಗಿನ ಎಣ್ಣೆ, ಗ್ರೀಸ್ ಎಲ್ಲ ಕಡೆ ಹರಡುತ್ತದೆ, ಡಯಲ್ ಕೂಡ ಕಚ್ಚಿಕೊಳ್ಳುವುದಿಲ್ಲ.