ಇಂಗ್ಲೆಂಡಿನ ರಾಕ್ ಸಂಗೀತ ತಂಡ ಬೀಟಲ್ಸ್ ಒಡೆದದ್ದು ಹಣಕ್ಕೋ, ಅಹಂಕಾರಕ್ಕೋ?

ಎರಡೂ ಸೇರಿತ್ತು, ಆದರೆ ಗಂಟು ಬಿಗಿದದ್ದು ಹಣವೇ ಎಂಬುದು ನನ್ನ ದೃಢ ಅಭಿಪ್ರಾಯ. 1967ರಲ್ಲಿ ಮ್ಯಾನೇಜರ್ ಬ್ರಿಯಾನ್ ಎಪ್‌ಸ್ಟೈನ್ ತೀರಿಕೊಂಡ ಮೇಲೆ ವ್ಯವಹಾರಕ್ಕೆ ದಿಕ್ಕಿಲ್ಲದಂತಾಯಿತು. ತಂಡದ ಪಾಲ್ ಮೆಕಾರ್ಟ್ನಿ, ವಕೀಲರಾದ ತಮ್ಮ ಮಾವ ಲೀ ಈಸ್ಟ್‌ಮನ್ ವ್ಯವಹಾರ ನೋಡಿಕೊಳ್ಳಲಿ ಎಂದರು. ಉಳಿದ ಮೂವರು, ಅಂದರೆ ಜಾನ್ ಲೆನನ್, ಜಾರ್ಜ್ ಹ್ಯಾರಿಸನ್ ಮತ್ತು ರಿಂಗೋ ಸ್ಟಾರ್, 1969ರಲ್ಲಿ ಅಮೆರಿಕದ ವ್ಯವಹಾರ ನಿರ್ವಾಹಕ ಅಲೆನ್ ಕ್ಲೈನ್ ಅವರನ್ನು ನೇಮಿಸಿಕೊಂಡರು. ಒಬ್ಬ ಗೆಳೆಯನ ಮಾವನ ಕೈಗೆ ತಿಜೋರಿಯ ಕೀಲಿ ಕೊಡಲು ಯಾರಿಗೆ ಮನಸ್ಸು ಬರುತ್ತದೆ? ಹಾಡುಗಳ ಹಕ್ಕುಳ್ಳ ಕಂಪನಿಯಲ್ಲಿ ಪಾಲ್ ಸದ್ದಿಲ್ಲದೆ ಹೆಚ್ಚು ಷೇರು ಕೊಂಡದ್ದು ತಿಳಿದು ಜಾನ್ ಕೆಂಡಾಮಂಡಲವಾದರು.

ಅಹಂಕಾರದ ಪೆಟ್ಟು ಕಾಣುವುದು 1969ರ ಜನವರಿಯಲ್ಲಿ, ಲಂಡನ್ನಿನ ಟ್ವಿಕನ್‌ಹ್ಯಾಮ್ ಸ್ಟುಡಿಯೊದಲ್ಲಿ. ಕ್ಯಾಮೆರಾ ಮುಂದೆಯೇ ಪಾಲ್ ಜಾರ್ಜ್ ಅವರ ಗಿಟಾರ್ ವಾದನವನ್ನು ತಿದ್ದುತ್ತಾರೆ. ಬೇಡವೆಂದರೆ ನುಡಿಸುವುದೇ ಇಲ್ಲ ಎನ್ನುತ್ತಾರೆ ಜಾರ್ಜ್, ತಣ್ಣಗೆ. ಕೆಲವೇ ದಿನಗಳಲ್ಲಿ ಎದ್ದು ಹೋದರು, ಆಮೇಲೆ ಮರಳಿ ಬಂದರು. ಆ ಮುನಿಸು ಕರಗಿತು. ಕ್ಲೈನ್ ಒಪ್ಪಂದದ ಜಗಳ ಕರಗಲಿಲ್ಲ. 1970ರ ಡಿಸೆಂಬರ್ 31ರಂದು ಪಾಲ್ ಮೂವರು ಗೆಳೆಯರ ಮೇಲೆಯೇ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದರು.