ಅಯೋಡಿನ್ ಕಾಂಟ್ರಾಸ್ಟ್ ಲೇಖನದ ಬಗ್ಗೆ

ನಮಸ್ಕಾರ,

ಎಕ್ಸ್-ರೇ, ಸಿಟಿ ಸ್ಕ್ಯಾನ್‌ಗೆ ಮುನ್ನ, ಚಿತ್ರದಲ್ಲಿ ರಕ್ತನಾಳ, ಅಂಗಗಳು ಎದ್ದುಕಾಣಲೆಂದು ಚುಚ್ಚುವ ಅಯೋಡಿನ್ ಕಾಂಟ್ರಾಸ್ಟ್‌ಗಳನ್ನು ಹೋಲಿಸಿ ನೀವು ಕಳಿಸಿದ ಲೇಖನ ಓದಿದೆ. ಈಗಿರುವಂತೆ ಹಾಕಲಾಗದು. ಆದರೆ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ.

ಎಕ್ಸ್-ರೇ ಕಂಡುಹಿಡಿದ ರಂಟ್ಗನ್‌ನ 1895ರ ಕತೆಯಿರುವ ಪೀಠಿಕೆ ತೆಗೆದುಬಿಡಿ, ಅದು ಎಲ್ಲರೂ ಬರೆದದ್ದೇ. ಚುಚ್ಚಿದಾಗಿನ ಉರಿಗೆ ದ್ರಾವಣದಲ್ಲಿ ಕಿಕ್ಕಿರಿದ ಕಣಗಳೇ ಕಾರಣವೆಂದು ಸ್ವೀಡನ್ನಿನ ಟೋರ್ಸ್ಟೆನ್ ಆಲ್ಮೆನ್ ತರ್ಕಿಸಿ, 1969ರಲ್ಲಿ ಅಯಾನಿಕ್ ಅಲ್ಲದ (ನೀರಿನಲ್ಲಿ ವಿದ್ಯುದಂಶದ ಕಣಗಳಾಗಿ ಒಡೆಯದ) ಅಣುಗಳನ್ನು ಸೂಚಿಸಿದ ಪ್ರಸಂಗವನ್ನು ಐದನೇ ಪುಟದಲ್ಲಿ ಹೂತಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದು ಅಲ್ಲಿಂದ.

ಇನ್ನು ನಿಮ್ಮ ತೀರ್ಪು. ಆಸ್ಮೊಲಾಲಿಟಿ, ಅಂದರೆ ಕಿಲೋ ನೀರಿನಲ್ಲಿ ಕರಗಿದ ಕಣಗಳ ಪ್ರಮಾಣ (ಮಿಲಿಆಸ್ಮೋಲ್‌ಗಳಲ್ಲಿ), ರಕ್ತದ್ದು ಸುಮಾರು 290, ಹಳೆಯ ಅಯಾನಿಕ್ ಕಾಂಟ್ರಾಸ್ಟ್ ಡೈಅಟ್ರಿಜೋಯೇಟ್‌ನದು 1500ರ ಮೇಲೆ, ಅಯಾನಿಕ್ ಅಲ್ಲದ ಅಯೋಹೆಕ್ಸಾಲ್ 300ರದು (300 ಎಂದರೆ ಮಿಲಿಲೀಟರಿಗೆ ಅಷ್ಟು ಮಿಲಿಗ್ರಾಂ ಅಯೋಡಿನ್) 672, ಅಯೋಡಿಕ್ಸನಾಲ್‌ನದು ರಕ್ತದಷ್ಟೇ. ಆದ್ದರಿಂದ ಅಯೋಡಿಕ್ಸನಾಲೇ ಶ್ರೇಷ್ಠ ಎನ್ನುತ್ತೀರಿ. ಅಂಕಿ ಸರಿ, ಜಿಗಿತ ತಪ್ಪು. ಮೂರು ಮೂರು ಅಯೋಡಿನ್ ಹೊತ್ತ ಎರಡು ಉಂಗುರಗಳನ್ನು ಒಂದೇ ಅಣುವಾಗಿ ಬೆಸೆದದ್ದರಿಂದ ಅಯೋಡಿಕ್ಸನಾಲ್‌ನಲ್ಲಿ ಕಣಗಳು ಅರ್ಧಕ್ಕಿಳಿದವು. ಎಷ್ಟೆಂದರೆ, ರಕ್ತಕ್ಕೆ ಸರಿಗಟ್ಟಲು ಮತ್ತೆ ಉಪ್ಪು ಬೆರೆಸಬೇಕಾಯಿತು! ಆದರೆ ಅಣು ದೊಡ್ಡದಾದಂತೆ ದ್ರಾವಣ ಮಂದವಾಗುತ್ತದೆ. ಅಯೋಡಿಕ್ಸನಾಲ್ 320ರ ಸ್ನಿಗ್ಧತೆ, ಅಂದರೆ ಹರಿಯಲು ತೋರುವ ತಡೆ, 20 ಡಿಗ್ರಿಯಲ್ಲಿ ಸುಮಾರು 26 ಸೆಂಟಿಪಾಯ್ಸ್, 37 ಡಿಗ್ರಿಗೆ ಕಾಯಿಸಿದರೆ 12ರ ಆಸುಪಾಸು. ಬಾಟಲಿಯನ್ನು ಬೆಚ್ಚಗಿಡುವುದು ಇದಕ್ಕೇ. ಸಪೂರ ಸೂಜಿಯಲ್ಲಿ ವೇಗವಾಗಿ ಹರಿಸಬೇಕಾದವರಿಗೆ ಇದು ಸಣ್ಣ ಮಾತಲ್ಲ. ನಿಮ್ಮ ಲೇಖನದಲ್ಲಿ ಸ್ನಿಗ್ಧತೆಯ ಸುಳಿವೇ ಇಲ್ಲ.

ಕಾಂಟ್ರಾಸ್ಟ್‌ನಿಂದ ಕಿಡ್ನಿಗಾಗುವ ಹಾನಿಯ ವಿಷಯದಲ್ಲೂ ಅಷ್ಟೆ. ಮಧುಮೇಹಿಗಳ ಮೇಲಿನ 2003ರ ಪ್ರಯೋಗ ಅಯೋಡಿಕ್ಸನಾಲ್ ಪರವಾಗಿತ್ತು, ನಿಜ. ಆಮೇಲಿನವು ಎಲ್ಲವೂ ಅದಕ್ಕೆ ದನಿಗೂಡಿಸಲಿಲ್ಲ. ಒಂದನ್ನೇ ಹಿಡಿದು ಬರೆದರೆ ಅದು ಹೋಲಿಕೆಯಲ್ಲ, ವಕಾಲತ್ತು.

ಕೋಷ್ಟಕದಲ್ಲಿ ಒಂದು ಔಷಧ ಮಿಲಿಲೀಟರಿಗೆ 300 ಮಿಲಿಗ್ರಾಂ ಅಯೋಡಿನ್‌ನದು, ಪಕ್ಕದ್ದು 370ರದು. ಸಾಂದ್ರತೆ ಆದಷ್ಟು ಸಮವಿರುವಂತೆ ಆರಿಸಿ. ಸಿಗಡಿ ಅಲರ್ಜಿ ಇದ್ದವರಿಗೆ ಕಾಂಟ್ರಾಸ್ಟ್ ಕೂಡದೆಂಬ ಸಾಲು ಹೊಡೆದುಹಾಕಿ. ಆ ಅಲರ್ಜಿ ಸಿಗಡಿಯ ಪ್ರೋಟೀನಿನದು, ಅಯೋಡಿನ್ನಿನದಲ್ಲ.

ಅಯಾನಿಕ್ ಕಾಂಟ್ರಾಸ್ಟನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚಿದರೆ ಪ್ರಾಣವೇ ಹೋಗಬಹುದು ಎಂಬುದನ್ನು ಅಡಿಟಿಪ್ಪಣಿಗೆ ತಳ್ಳಿದ್ದೇಕೆ? ಮೇಲಕ್ಕೆ ತನ್ನಿ. ಯಾವ ಪರೀಕ್ಷೆಗೆ, ಯಾವ ರೋಗಿಗೆ ಯಾವುದು ಎಂದು ವಿಂಗಡಿಸಿ ಬರೆದು ಕಳಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ